ಗಾದಿಲಿಂಗಪ್ಪನ ಮೂಗು

ಗಂಗಾವತಿಯಲ್ಲಿ ಪ್ರತಿ ಮಂಗಳವಾರ ನಡೆಯುವ ನಮ್ಮ ಕುಡಿತ ಬಿಡಿಸುವ ದವಾಖಾನೆಯಲ್ಲಿ ವೈದ್ಯೆ ನಾನಾದರೂ ಯಜಮಾನ ಮಾತ್ರ ಬಾಗಿಲು ಕಾಯುವ ಗಾದಿಲಿಂಗಪ್ಪನೇ. ಕುಡಿದು ಬಂದವರನ್ನು ಒಳಗೆ ಬಿಡಬಾರದೆಂಬುದು ಇಲ್ಲಿಯ ನಿಯಮ. ಆದ್ದರಿಂದ ಆತ ಹೊಸ್ತಿಲ ಬಳಿ ಸ್ಟೂಲು ಹಾಕಿಕೊಂಡು, ಬಂದವರೆಲ್ಲರ ಬಾಯಿಗೆ ಮೂಗು ಒಡ್ಡಿ, "ಹುಲಿಗೆವ್ವ ಅನ್ರಿ" ಎನ್ನುತ್ತಾನೆ. ಆ ಹೆಸರು ಹೇಳಿದರೆ ಉಸಿರೂ ಹೊರಬರುತ್ತದೆ, ದೇವಿಯ ಹೆದರಿಕೆಗೆ ಸತ್ಯವೂ ಹೊರಬರುತ್ತದೆ ಎಂಬುದು ಆತನ ಸಿದ್ಧಾಂತ. ಸರಾಯಿಯೋ ಶೇಂದಿಯೋ, ನಿನ್ನೆಯದೋ ಇವತ್ತಿನದೋ, ಎಲ್ಲವೂ ಆ ಮೂಗಿಗೆ ಗೊತ್ತು. "ಗೌಡ್ರ, ಯಾಲಕ್ಕಿ ಅಗದ ಬಂದೀರಿ. ಇಲ್ಲೇನು ಪಾಯಸ ಮಾಡಾಕ ಹತ್ತೀವೇನ್ರಿ?" ಎಂದು ಕಾರಟಗಿಯ ಗೌಡರನ್ನೇ ತಡೆದವನು. ಯಾರದೋ ಮನೆ ಹುಡುಕುತ್ತ ಬಂದ ವಿಮಾ ಏಜೆಂಟನೂ ಹುಲಿಗೆವ್ವ ಎಂದ ಮೇಲೆಯೇ ದಾರಿ ಕೇಳಬೇಕಾಯಿತು. ಸಿಕ್ಕಿಬಿದ್ದವರನ್ನು ಆತ ಬೈದು ಅಟ್ಟುವುದಿಲ್ಲ, ಬೇವಿನ ಮರದಡಿ ಕೂರಿಸಿ, ಮಜ್ಜಿಗೆ ಕೊಟ್ಟು, "ಇವತ್ತ ಸೋತಿ. ಮುಂದಿನ ಮಂಗಳಾರ ಐತಿ, ಬಾ" ಎನ್ನುತ್ತಾನೆ. ಆತ ಇಲ್ಲಿ ರೋಗಿಯಾಗಿದ್ದಾಗ ನಾನು ಆತನಿಗೆ ಹೇಳುತ್ತಿದ್ದ ಮಾತೇ ಅದು. ಕುಡಿತ ಬಿಟ್ಟು ವರ್ಷಗಳೇ ಆದವು. ಆದರೂ ಪ್ರತಿ ಮಂಗಳವಾರ ಬಾಗಿಲು ತೆರೆಯುವ ಮುನ್ನ, ಕಸ ಗುಡಿಸುವ ಯಮನೂರಮ್ಮನ ಮುಂದೆ ನಿಂತು ತಾನೇ "ಹುಲಿಗೆವ್ವ" ಎನ್ನುತ್ತಾನೆ. ವಾಸನೆ ಬಂದ ದಿನ ಸ್ಟೂಲು ಬೇರೆಯವರಿಗೆ. ಇದು ಆತನೇ ಮಾಡಿಕೊಂಡ ಕರಾರು. ಯಮನೂರಮ್ಮ ಕಸಬರಿಗೆ ಬದಿಗಿಟ್ಟು, ಅವಸರವಿಲ್ಲದೆ ಮೂಸಿ ನೋಡುತ್ತಾಳೆ. ಅಷ್ಟೂ ಹೊತ್ತು ಆತ ಕಣ್ಣು ಮುಚ್ಚಿಕೊಂಡಿರುತ್ತಾನೆ. "ಇವತ್ತಿಗಿ ಸ್ಟೂಲ್ ನಿಂದ ಐತಿ ಅಣ್ಣಾ, ಕುಂದ್ರು."