ಬಾವಿಯ ಈಜು, ಸರೋವರದ ಕಾಗದ

ನಮ್ಮ ಮನೆಯಲ್ಲಿ ಪದವಿ ಅನ್ನುವುದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ. ಅಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ಕೆಲಸ ಅವನದು. "ತೂಬು ತೆಗೆಯೋರ ಮನೇಲಿ ಕಾಲೇಜು ಬಾಗ್ಲು ಯಾರ್ ತೆಗೀತಾರಣ್ಣ? ಓದ್ಕೊಂಡು ಇವ್ಳೇನು ಕಡಿದು ಕಟ್ಟೆ ಹಾಕ್ತಾಳೆ?" ಎಂದು ಅವಳು ಜಗಲಿಯ ಮೇಲೆ ಕೂತು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಮೊದಲ ಬಸ್ಸಿಗೆ ನೇತಾಡಿಕೊಂಡು ಹೋಗಿ, ಹಾಸ್ಟೆಲಿನ ನೀರುಸಾರು ಉಂಡು, ಗಣಿತದಲ್ಲಿ ನಪಾಸಾಗಿ, ಮತ್ತೆ ಕಟ್ಟಿ ಪಾಸಾಗಿ ನಾನು ಬಿಎಸ್ಸಿ ಮುಗಿಸಿದೆ. ನಮ್ಮ ವಂಶದ ಮೊದಲ ಪದವಿ. ಇದನ್ನು ಕೇಳದವರಿಗೂ ಹೇಳುತ್ತೇನೆ, ನನಗೇನೂ ನಾಚಿಕೆಯಿಲ್ಲ.

ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಐರ್ಲೆಂಡಿನಲ್ಲಿ, ಅತ್ಲೋನ್ ಎಂಬ ಊರಿನ ಪಕ್ಕದ ಸರೋವರದ ದಡದಲ್ಲಿ, ಇನ್ನೊಬ್ಬ ನಿಂತು "ಇದು ನಿಮ್ಮಿಂದ ಆಗುವ ಮಾತಲ್ಲ" ಎಂದಾಗ ಆ ದನಿ ನನಗೆ ಹೊಸದೆನಿಸಲಿಲ್ಲ. ಹೊಸದಾಗಿದ್ದದ್ದು ಅವನ ಕುತ್ತಿಗೆಯಲ್ಲಿದ್ದ ಸೀಟಿ ಮಾತ್ರ.

ಕೊರೊನಾದ ಎರಡನೆಯ ಬೇಸಿಗೆ ಅದು. ನಾನು ಒಂದು ಕಾರ್ಖಾನೆಯ ಲ್ಯಾಬಿಗೆ ಹೋಗಿಬರುತ್ತಿದ್ದೆ. ಗಂಡ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನವಿಡೀ ಬೆಂಗಳೂರಿನ ಟೀಮಿನ ಜೊತೆ ಮಾತಾಡುತ್ತಿದ್ದ. ಚಳಿಗಾಲವೆಲ್ಲ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ನಮ್ಮ ಪುಣ್ಯಕ್ಕೆ ಅಷ್ಟರೊಳಗೆ ಸರೋವರ ಬರುತ್ತಿತ್ತು. ಬೇರೆಲ್ಲೂ ಹೋಗಲು ಜಾಗವಿಲ್ಲದ ಊರಿಗೆ ಊರೇ ನೀರಿನ ದಡಕ್ಕೆ ಬಂದು ಬಿದ್ದಿತ್ತು. ಉಣ್ಣೆ ಟೋಪಿ ಹಾಕಿಕೊಂಡು ಈಜುವವರು, ಕಾರಿನ ಡಿಕ್ಕಿಯಲ್ಲಿ ಕೂತು ಟೀ ಕುಡಿಯುವವರು, ಹಂಸಗಳನ್ನು ಅಟ್ಟಿಸಿಕೊಂಡು ಹೋಗುವ ನಾಯಿಗಳು. ನಾವು ಜೊಂಡಿನ ಪಕ್ಕ, ಎಲ್ಲರಿಂದ ದೂರ, ಡಬ್ಬಿಯಲ್ಲಿ ಪುಳಿಯೋಗರೆ ಇಟ್ಟುಕೊಂಡು ಕೂರುತ್ತಿದ್ದೆವು. ಆದರೂ ನಿಯಮ ಮುರಿದು ದೂರದಿಂದ ಬಂದವರನ್ನು ಕೇಳುವ ಹಾಗೆ ಒಬ್ಬ ಹಿರಿಯ ಬಂದು ಕೇಳುತ್ತಿದ್ದ, "ಡಬ್ಲಿನ್‌ನಿಂದ ಬಂದಿರಾ?" ಅಲ್ಲಪ್ಪ, ಆ ರೌಂಡ್‌ಅಬೌಟಿನ ಹಿಂದಿನ ಮನೆ ಎಂದರೆ ತಲೆಯಾಡಿಸಿ ಹೋಗುತ್ತಿದ್ದ. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಪಕ್ಕದಲ್ಲಿ ಕೂತಿದ್ದ ಬಿಳಿಯರನ್ನು ಅವನು ಒಂದು ದಿನವೂ ಕೇಳಿದ್ದು ನಾನು ಕಾಣೆ.

ಮಗಳಿಗೆ ಆಗ ಎಂಟು ವರ್ಷ. ದಡದಲ್ಲಿದ್ದ ಒಂದು ಕ್ಲಬ್ಬು ಜುಲೈನಲ್ಲಿ ಮಕ್ಕಳಿಗೆ ಕಯಾಕ್ ದೋಣಿ ನಡೆಸುವುದನ್ನು ಕಲಿಸುತ್ತದೆಂದು ಗೊತ್ತಾಯಿತು. ಅವಳ ಇಡೀ ತರಗತಿ ಹೆಸರು ಕೊಟ್ಟಿತ್ತು. ತಿಂಗಳುಗಟ್ಟಲೆ ಗೆಳತಿಯರನ್ನು ಪರದೆಯ ಮೇಲೆ ಮಾತ್ರ ನೋಡಿದ್ದ ಹುಡುಗಿ. ರಾತ್ರಿ ಕನಸಿನಲ್ಲೂ ಕಯಾಕ್ ಎನ್ನುತ್ತಿದ್ದಳು. ಆದರೆ ತರಬೇತಿ ಕೊಡುವವರು ಮಕ್ಕಳನ್ನು ಮುಟ್ಟುವಂತಿರಲಿಲ್ಲ. ದೋಣಿ ಮಗುಚಿದರೆ ಎತ್ತಲು ಪ್ರತಿ ಮಗುವಿನ ಮನೆಯವರೇ ಒಬ್ಬರು ನೀರಿನಲ್ಲಿರಬೇಕು, ಅವರ ಬಳಿ ಕ್ಲಬ್ಬಿನ ಈಜು ಸರ್ಟಿಫಿಕೇಟ್ ಇರಬೇಕು. ನನ್ನ ಗಂಡ ಮೊಣಕಾಲು ಮುಳುಗಿದರೆ ದೇವರನ್ನು ಕರೆಯುವವನು. ಉಳಿದವಳು ನಾನು.

"ಅಮ್ಮ, ಯು ಕ್ಯಾನ್ ಸ್ವಿಮ್, ಲೈಕ್. ಜಸ್ಟ್ ಟೆಲ್ ದೆಮ್" ಎಂದಳು ಮಗಳು. ಹೇಳಿದರೆ ಸಾಕು, ನಂಬುತ್ತಾರೆ ಎಂದುಕೊಂಡಿದ್ದ ವಯಸ್ಸು.

ಹೇಳಿದೆ. ಆ ಸರ್ಟಿಫಿಕೇಟಿಗಾಗಿ ಮೇ ತಿಂಗಳಲ್ಲಿ ಹೆತ್ತವರಿಗೆ ನಡೆಸಿದ ತರಗತಿಯ ಮೊದಲ ದಿನ ತರಬೇತುದಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಈಜು ಎಲ್ಲಿ ಕಲಿತಿರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ನಾನು, "ಬಾವಿಯಲ್ಲಿ" ಎಂದೆ. ಸಾಲಿಗೆ ಸಾಲೇ ನಕ್ಕಿತು. ಅವರು ನಕ್ಕದ್ದೇಕೆಂದು ಆಮೇಲೆ ತಿಳಿಯಿತು. ಅವರಿಗೆ ಬಾವಿ ಎಂದರೆ ಪೊದೆಯ ಮರೆಯಲ್ಲಿ, ಯಾವುದೋ ಸಂತರ ಹೆಸರಿನಲ್ಲಿ, ಒಂದು ಬಕೆಟ್ ಮುಳುಗುವಷ್ಟು ನೀರು. ಪಕ್ಕದ ಗಿಡಕ್ಕೆ ಹರಕೆಯ ಬಟ್ಟೆ ಕಟ್ಟುತ್ತಾರೆ. ನಾನು ಅದರೊಳಗೆ ಕೈಕಾಲು ಬಡಿಯುವುದನ್ನು ಕಣ್ಣಮುಂದೆ ತಂದುಕೊಂಡಿರಬೇಕು.

ನಮ್ಮ ಹೊಲದ ಬಾವಿಯಲ್ಲಿ ಒಂದು ಮನೆ ಹಿಡಿಸುತ್ತಿತ್ತು. ಸುತ್ತ ಕಲ್ಲಿನ ಕಟ್ಟಡ, ಒಳಕ್ಕೆ ಮೆಟ್ಟಿಲು. ಅಪ್ಪ ಒಣಗಿದ ಸೋರೆಬುರುಡೆಗಳನ್ನು ನನ್ನ ಬೆನ್ನಿಗೆ ಹಗ್ಗದಿಂದ ಬಿಗಿದು, ತೇಲುತ್ತವೆ ಎಂಬ ಧೈರ್ಯದ ಮೇಲೆ, ಮೆಟ್ಟಿಲಿನಿಂದ ತಳ್ಳಿಬಿಡುತ್ತಿದ್ದ. ನನಗೆ ಈಜು ಕೂತ ಹಾಗೆಲ್ಲ ಒಂದೊಂದೇ ಬುರುಡೆ ಬಿಚ್ಚಿದ. ಮೇಲೆ ನಿಂತು ಅತ್ತೆ ಕೂಗುತ್ತಿದ್ದಳು: "ಹೆಣ್ಣುಡ್ಗೀನ ಬಾವಿಗೆ ಹಾಕ್ತೀಯಲ್ಲಣ್ಣ, ನಾಳೆ ಇವ್ಳನ್ನ ಯಾರ್ ಮಾಡ್ಕೋತಾರೆ?" ಅಪ್ಪ ತಲೆ ಎತ್ತದೆ, "ಮುಳುಗ್ದೋಳನ್ನ ಯಾರೂ ಮಾಡ್ಕೊಳಲ್ಲ ಕಣವ್ವ. ತೇಲೋಳ್ನ ಯಾರಾದ್ರೂ ಮಾಡ್ಕೋತಾರೆ" ಎನ್ನುತ್ತಿದ್ದ.

ಬಾವಿಯಲ್ಲಿ ಕಲಿತವರಿಗೆ ನೀರಿಗೆ ಇಳಿಯುವುದು ಗೊತ್ತಿಲ್ಲ, ಹಾರುವುದೇ ಗೊತ್ತು. ಉಳಿದವರು ದಡದ ಕೆಸರಿನಲ್ಲಿ ಬೆರಳು ಅದ್ದಿ ಕಿರುಚುತ್ತಿದ್ದಾಗ ನಾನು ನೀರಿನೊಳಕ್ಕೆ ಚಾಚಿದ್ದ ಮರದ ಜೆಟ್ಟಿಯ ತುದಿಗೆ ಹೋಗಿ ಧುಮುಕಿಬಿಟ್ಟೆ. ಅದು ಮೇ ತಿಂಗಳ ಐರ್ಲೆಂಡಿನ ನೀರು. ಎದೆಯ ಮೇಲೆ ಯಾರೋ ಬಂಡೆ ಎತ್ತಿಹಾಕಿದ ಹಾಗಾಯಿತು. ಉಸಿರು ಒಳಕ್ಕೂ ಹೋಗದು, ಹೊರಕ್ಕೂ ಬಾರದು. ಹೇಗೋ ಮೇಲೆ ಬಂದು ಕೈ ಬೀಸತೊಡಗಿದ್ದೆ. ಅಷ್ಟರಲ್ಲಿ ತಲೆಯ ಮೇಲೆ ಹಗ್ಗ ಕಟ್ಟಿದ ರಬ್ಬರಿನ ತೇಲುಬಳೆ ಬಿತ್ತು. ಕರುವನ್ನು ಎಳೆದ ಹಾಗೆ ನನ್ನನ್ನು ದಡಕ್ಕೆ ಎಳೆದರು.

"ನಿಮ್ಮ ಜನ ಮುಳುಗುವುದೇ ಹೀಗೆ" ಎಂದ ತರಬೇತುದಾರ, ಎಲ್ಲರಿಗೂ ಕೇಳುವ ಹಾಗೆ. "ಪ್ರತಿ ಬೇಸಿಗೆ ನೋಡುತ್ತೇವೆ. ನೀವು ದಡದಲ್ಲಿ ಕೂತು ಊಟ ಮಾಡಿಕೊಂಡು ಹೋಗುವುದೇ ಕ್ಷೇಮ. ಇದು ನಿಮ್ಮಿಂದ ಆಗುವ ಮಾತಲ್ಲ."

ಚಳಿಗೆ ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅದೇ ಹೊತ್ತಿಗೆ ಅದೇ ಜೆಟ್ಟಿಯಿಂದ ಆ ಊರಿನ ದೊಡ್ಡ ಹುಡುಗರು ಕೇಕೆ ಹಾಕುತ್ತ ಒಬ್ಬರ ಮೇಲೊಬ್ಬರು ಧುಮುಕುತ್ತಿದ್ದರು. ಅವರ ತಲೆಯ ಮೇಲೆ ಯಾವ ಬಳೆಯೂ ಬೀಳಲಿಲ್ಲ. ಅವರ ಜನ ಹೇಗೆ ಮುಳುಗುತ್ತಾರೆಂದು ಯಾರೂ ಹೇಳಲಿಲ್ಲ.

ಕಾರಿನಲ್ಲಿ ಮಗಳು, "ಹಾಗಾದ್ರೆ ಐ ಕಾಂಟ್ ಗೋ, ಅಮ್ಮ?" ಎಂದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅವತ್ತು ಅರ್ಧ ಕನ್ನಡದಲ್ಲಿ ಕೇಳಿದ್ದೇ ನನ್ನನ್ನು ಹೆಚ್ಚು ನೋಯಿಸಿತು.

ಮನೆಯಲ್ಲಿ ಗಂಡ, "ಬಿಡೇ, ಮುಂದಿನ್ ವರ್ಷ ನೋಡೋಣ. ಅವ್ನ ಹತ್ರ ಯಾಕೆ ಜಗಳ?" ಎಂದ.

"ನಾನು ಜಗಳ ಆಡ್ತಿಲ್ಲ ರೀ. ಇನ್ನೂ ಶುರುನೇ ಮಾಡಿಲ್ಲ."

ಅಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡೆ. ಅಲ್ಲಿ ನನ್ನ ಪರ ಒಂದು ಮಾತು ಬರಲಿಲ್ಲ. "ನಮಗ್ಯಾಕ್ರೀ ಆ ಕೆರೆ ಸಹವಾಸ? ಈಜೋಕೆ ಆ ಮೈಗಂಟೋ ರಬ್ಬರ್ ಡ್ರೆಸ್ ಹಾಕ್ಕೊಂಡು, ಅಷ್ಟು ಗಂಡಸರ ಮುಂದೆ!" ಎಂದರು ಡಾಕ್ಟರೊಬ್ಬರ ಹೆಂಡತಿ. ನನಗೆ ಆ ಸೀಟಿಯವನಿಗಿಂತ ಇವರ ಮೇಲೆ ಸಿಟ್ಟು ಬಂತು. ಅವನಾದರೂ ನಮ್ಮ ಬಾವಿ ಕಂಡವನಲ್ಲ. ಇವರ ಊರಲ್ಲಿ ಬಾವಿಗಳಿರಲಿಲ್ಲವೇ?

ಮರುದಿನ ಕೆಲಸ ಮುಗಿಸಿ ನೇರ ಜೆಟ್ಟಿಗೆ ಹೋದೆ. ಅವನು ಹಗ್ಗ ಸುತ್ತುತ್ತಿದ್ದ. ದೂರದಿಂದಲೇ, ಮಾಸ್ಕಿನೊಳಗಿಂದ, ಜೋರಾಗಿ ಹೇಳಿದೆ: "ತಣ್ಣೀರಿನ ವಿಷಯದಲ್ಲಿ ನಿಮ್ಮ ಮಾತು ಸರಿ. ನನ್ನ ವಿಷಯದಲ್ಲಿ ತಪ್ಪು. ತಣ್ಣೀರು ನನಗೆ ಗೊತ್ತಿರಲಿಲ್ಲ, ಅದನ್ನು ಕಲಿಸುವುದು ನಿಮ್ಮ ಕೆಲಸ. ನನ್ನ ಜನರ ಬಗ್ಗೆ ನನಗೆ ಪಾಠ ಮಾಡುವುದು ನಿಮ್ಮ ಕೆಲಸವಲ್ಲ."

ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿದ. ಕ್ಷಮೆ ಕೇಳಲಿಲ್ಲ. "ಸೋಮವಾರ ಬನ್ನಿ. ಆದರೆ ಹಾರುವಂತಿಲ್ಲ" ಎಂದ. ನಾನು "ಗ್ರ್ಯಾಂಡ್" ಎಂದೆ. ಆಗಲಿ ಎನ್ನುವುದಕ್ಕೆ ಆ ದೇಶದಲ್ಲಿ ಸಿಟ್ಟು ಬಂದಾಗಲೂ ಅದೇ ಮಾತು ನಡೆಯುತ್ತದೆ.

ಆಮೇಲೆ ಕೆಲಸಕ್ಕೆ ಮುಂಚೆ ದಿನಾ ಹೋಗಿ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲುತ್ತಿದ್ದೆ. ಮುಖಕ್ಕೆ ನೀರು ಚಿಮುಕಿಸಿಕೊಂಡು, ಕುತ್ತಿಗೆಗೆ ಹಚ್ಚಿಕೊಂಡು, ಉಸಿರು ನನ್ನ ಮಾತು ಕೇಳುವವರೆಗೆ ಕಾಯುವುದು. ಹಾರಲು ಬೇಕಾದ ಧೈರ್ಯಕ್ಕಿಂತ ಹಾಗೆ ಮೆಲ್ಲಗೆ ಇಳಿಯಲು ಬೇಕಾದ ಧೈರ್ಯ ದೊಡ್ಡದು ಎಂದು ನಾನು ಈಗಲೂ ವಾದಿಸುತ್ತೇನೆ. ಮಗಳು ದಡದಲ್ಲಿ ಟವೆಲ್ ಹಿಡಿದು, "ಬ್ರೀದ್, ಅಮ್ಮ, ಬ್ರೀದ್!" ಎಂದು ಕೂಗುತ್ತಿದ್ದಳು, ಹೆರಿಗೆ ಮಾಡಿಸುವವಳ ಹಾಗೆ.

ಆದರೆ ತರಗತಿಯಲ್ಲಿ ಅವನಿಗೆ ಹೊಸ ತಕರಾರು ಹುಟ್ಟಿತು. ಬಾವಿಯ ಈಜಿನಲ್ಲಿ ತಲೆ ಮೇಲೆ ಇರುತ್ತದೆ, ಮೇಲಿಂದ ಯಾವಾಗ ಯಾರು ಹಾರುತ್ತಾರೋ ನೋಡಬೇಕಲ್ಲ. "ಮುಖ ನೀರಿನೊಳಗೆ!" ಎಂದು ಅವನು ಸೀಟಿ ಊದುತ್ತಲೇ ಇದ್ದ. ಇಳಿಸಿದೆ. ಅದೂ ಬಂತು. ಹಾಗೆ ಬಂದ ಮೇಲೆ, ಮುಳುಗುವವರನ್ನು ಎಳೆದು ತರುವ ಪಾಠ ಶುರುವಾಯಿತು. ಅವತ್ತು ಅವನ ಮೊದಲ ಮಾತೇನು ಗೊತ್ತೇ? "ಈಗ ತಲೆ ಮೇಲಿರಲಿ. ಮುಳುಗುವವರ ಮೇಲಿಂದ ಕಣ್ಣು ತೆಗೆಯಬೇಡಿ." ಉಳಿದವರು ನೀರು ಕುಡಿದು ಕೆಮ್ಮುತ್ತಿದ್ದರು. ನಾನು ಮುಳುಗುವವರ ಬದಲು ನೀರಿಗೆ ಹಾಕಿದ್ದ ಗೊಂಬೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಳೆದು ತಂದೆ. ಅವನು ನನ್ನನ್ನು ನೋಡಿದ, ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕೊನೆಯ ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಕೆಂಪು ತೇಲುಬುರುಡೆಯವರೆಗೆ ಹೋಗಿ, ಸುತ್ತಿ ಬರಬೇಕು. ಮೆಲ್ಲಗೆ ಇಳಿದೆ, ಉಸಿರು ಹಿಡಿತಕ್ಕೆ ಬಂದ ಮೇಲೆ ಹೊರಟೆ. ಅಲೆಗಳ ನಡುವೆ ಬೆನ್ನು ಹಗುರವಾಯಿತು, ಅಪ್ಪ ಬಿಚ್ಚಿದ ಬುರುಡೆಗಳನ್ನು ಮತ್ತೆ ಕಟ್ಟಿದ್ದಾನೆ ಅನ್ನುವ ಹಾಗೆ. ಹಿಂದಿನ ವರ್ಷ ಅವನು ತೀರಿಹೋದಾಗ ಊರಿಗೆ ಹೋಗಲು ವಿಮಾನಗಳಿರಲಿಲ್ಲ. ಅವನ ಮುಖವನ್ನು ನಾನು ಕೊನೆಯ ಸಲ ಫೋನಿನಲ್ಲಿ ನೋಡಿದ್ದು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ಗೊತ್ತಿಲ್ಲದೆ ನಾನು ನೀರನ್ನು ಬಡಿದೆ.

ಸರ್ಟಿಫಿಕೇಟನ್ನು ಕೈಗೆ ಕೊಡುವಂತಿರಲಿಲ್ಲ. ತರಬೇತುದಾರ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಮಗುಚಿಟ್ಟಿದ್ದ ದೋಣಿಯ ಬೆನ್ನ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ ಹಿಂದೆ ಸರಿದ. ನಾನು ಮುಂದೆ ಹೋಗಿ ಎತ್ತಿಕೊಂಡೆ. "ಸೋಮವಾರದಿಂದ ಮಗಳನ್ನು ಕರೆತನ್ನಿ" ಎಂದ.

ಮಗಳು ಆಗಲೇ ಕುಣಿಯುತ್ತ ಫೋನ್ ಹಿಡಿದಿದ್ದಳು. ಊರಿನ ಜಗಲಿಯಿಂದ ಅತ್ತೆ ನೋಡುತ್ತಿದ್ದಳು. ಕಾಗದವನ್ನು ಪರದೆಗೆ ಹಿಡಿದೆ. ಓದು ಬಾರದ ಅವಳು ಅದನ್ನು ನೋಡಲಿಲ್ಲ, ಅದರ ಹಿಂದೆ ನಿಂತಿದ್ದ ಸೀಟಿಯವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಈಜು ಕಲ್ಸಿದ್ದು ನಮ್ಮಣ್ಣ" ಎಂದಳು. "ಕಾಗ್ದ ಕೊಡೋಕೆ ಇವ್ನ್ಯಾವನೇ?"