ಮುನಿಯಪ್ಪನಿಗೆ ಬಿಟ್ಟುಬಂದ ಸ್ಟಿಯರಿಂಗ್ ರಾಡು

ತೊಂಬತ್ತರ ದಶಕದ ನಡುವೆ ನಮ್ಮಣ್ಣ ಅಂಬಾಸಿಡರ್ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. ನಮ್ಮೂರು ಸೇಲಂ ಕಡೆಯ ನಲ್ಲಂಪಳ್ಳಿಯ ಹತ್ತಿರ; ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಒಂದು ಮಧ್ಯಾಹ್ನ ಏರ್ಕಾಡ್ ಬೆಟ್ಟದಿಂದ ಒಬ್ಬನೇ ಇಳಿಯುವಾಗ ಕಾರು ಮೋರಿಕಟ್ಟೆಗೆ ಗುದ್ದಿತು. ಅಣ್ಣನ ಹಣೆಗೆ ಎರಡು ಹೊಲಿಗೆ ಬಿತ್ತು. ಆಡು ಅಡ್ಡ ಬಂತು ಎಂದು ಊರಿಗೆಲ್ಲ ಹೇಳಿದ. ತಿಂಗಳಿಂದಲೇ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ ಎಂದು ನನಗೊಬ್ಬಳಿಗೇ ಹೇಳಿದ.

ಸೇಲಂನ ಶೆಡ್ಡಿನಲ್ಲಿ ಮೆಕ್ಯಾನಿಕ್ ಮುರಿದ ಸ್ಟಿಯರಿಂಗ್ ರಾಡನ್ನು ಬಿಚ್ಚಿ ಅಣ್ಣನ ಕೈಗೆ ಕೊಟ್ಟ. ರಕ್ತ ಕಂಡ ಕಬ್ಬಿಣ ಮತ್ತೆ ಮನೆ ಮೆಟ್ಟಿಲು ಹತ್ತಬಾರದು ಅನ್ನುವುದು ನಮ್ಮಲ್ಲಿ ವಾಡಿಕೆ. ಅವ್ವ ಅದನ್ನು ಒಂದು ಹುಂಜದ ಜೊತೆ ಊರ ಕಾವಲು ದೇವರು ಮುನಿಯಪ್ಪನ ಪಾದಕ್ಕೆ ಒಪ್ಪಿಸಿದಳು. ಚೀಲದಲ್ಲಿ ಹೊತ್ತುಕೊಂಡು ಹೋದ ಪೆದ್ದಿ ನಾನೇ.

ಮೂರನೇ ದಿನ ಇನ್ಶೂರೆನ್ಸಿನ ಸರ್ವೇಯರ್ ಶೆಡ್ಡಿಗೆ ಬಂದಾಗ ಅಣ್ಣನ ಜೊತೆ ನಾನೂ ಇದ್ದೆ. ಒಡೆದದ್ದನ್ನೆಲ್ಲ ಮುಟ್ಟಿ ಮುಟ್ಟಿ ಬರೆದುಕೊಂಡ. ಬಾನೆಟ್ಟು, ಮಡ್ಗಾರ್ಡಿಗೆ ಕಾರಿನ ವಯಸ್ಸು ನೋಡಿ ಅಷ್ಟು ಮುರಿದುಕೊಂಡು ದುಡ್ಡು ಕೊಡುತ್ತಾರಂತೆ, ರಬ್ಬರಿಗೆ ಅರ್ಧವಂತೆ. ರಾಡು ಎಲ್ಲಿ ಎಂದ. ಮುನಿಯಪ್ಪನಿಗೆ ಕೊಟ್ಟುಬಿಟ್ಟೆವು ಎಂದ ಅಣ್ಣ. ಕಣ್ಣಿಗೆ ಕಾಣದ್ದಕ್ಕೆ ಕಂಪನಿ ಕೊಡುವುದಿಲ್ಲ ಎಂದು ಸರ್ವೇಯರ್ ಆ ಸಾಲನ್ನು ಹೊಡೆದುಹಾಕಿದ. ಆಮೇಲೆ ಚಕ್ರ ಬಿಚ್ಚಿಸಿ ಬ್ರೇಕ್ ಲೈನಿಂಗ್ ಪಟ್ಟಿಯ ಮೇಲೆ ಬೆರಳಾಡಿಸಿದ.

"ತೇಂಜು ಪೋಚ್ಚು," ಅಂದ. ತೇದು ಹೋಗಿದೆ. ಗುದ್ದಿ ಒಡೆದದ್ದಕ್ಕೆ ವಿಮೆ ಉಂಟು, ಸವೆದದ್ದಕ್ಕೆ ಇಲ್ಲ. ಇದನ್ನು ಬದಲಾಯಿಸದೆ ಬೆಟ್ಟ ಹತ್ತಬೇಡ ಎಂದು ಮೆಲ್ಲಗೆ ಹೇಳಿ ಹೋದ. ಅವನು ಕೂಗಾಡಿದ್ದರೆ ನನಗಿಷ್ಟು ಭಯವಾಗುತ್ತಿರಲಿಲ್ಲ.

ಅಂದು ಸಂಜೆ ನಾನು ಅವ್ವನ ಮೇಲೆ ಹರಿಹಾಯ್ದೆ. "ಓಗಿ ಆ ರಾಡು ತಕಂಬಾ. ಅವರಿಗೆ ತೋರ್ಸಿದ್ರೆ ಸಾಕು."

"ದೇವ್ರಿಗೆ ಕೊಟ್ಟಿದ್ದ ವಾಪಸ್ ಇಸ್ಕಂಡ್ರೆ, ಅವ್ನು ಬೇರೆ ಏನಾದ್ರೂ ಇಸ್ಕಂತಾನೆ ಕಣೇ," ಅಂದಳು ಅವ್ವ. ಆಮೇಲೆ ಆ ಮಾತೆತ್ತಲು ನನಗೂ ಧೈರ್ಯ ಬರಲಿಲ್ಲ.

ಬ್ರೇಕಿಗೆ ಇಟ್ಟಿದ್ದ ಕೈಕಾಸು ಹೊಸ ರಾಡಿಗೆ ಹೋಯಿತು. ಕಂಪನಿಯ ದುಡ್ಡಿನಲ್ಲಿ ಹೊಸ ಬಾನೆಟ್ಟು, ಹೊಸ ಗಾಜು, ಬಿಳೀ ಪೇಂಟು. ಕಾರು ಮದುವಣಗಿತ್ತಿಯಂತೆ ಬಂದು ಬಾಗಿಲಲ್ಲಿ ನಿಂತಿತು. ಬ್ರೇಕಿನ ಕತೆ ಏನು ಎಂದು ಕೇಳಿದೆ. "ಎರಡು ಬಾಡಿಗೆ ಆಗ್ಲಿ, ಆಕಿಸ್ತೀನಿ," ಅಂದ ಅಣ್ಣ.

ಮೊದಲ ಬಾಡಿಗೆ ಪಕ್ಕದ ಮನೆಯದೇ. ಅವರ ಮಗಳನ್ನು ಏರ್ಕಾಡಿನ ಎಸ್ಟೇಟಿಗೆ ಕೊಟ್ಟಿದ್ದರು. ಬಾಣಂತನ ಮುಗಿಸಿ, ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ಹತ್ತುವ ಮುಂಚೆ ನನ್ನ ಕಡೆ ತಿರುಗಿದಳು.

"ಅಕ್ಕಾ, ಗುದ್ದಿತ್ತಲ್ಲ ಈ ಕಾರು, ಎಲ್ಲಾ ಸರಿ ಐತಾ?"

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಎಲ್ಲಾ ಒಸ್ದು ಕಣೇ," ಅಂದೆ.

ಅವಳು ಕೂಸನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಕಾರಿನ ಬಾಗಿಲು ಹಾಕಿದವಳೂ ನಾನೇ.