ಅಂಕಿಯನ್ನು ಸುಲಭಕ್ಕೆ ನಂಬದ ಅರ್ಜುಮಂದ್

ಓರೆಬ್ರೂ, ಸ್ವೀಡನ್, ಜನವರಿ 2005: ಬೆಳಗಿನ ಏಳು ಗಂಟೆಗೆ ಇಲ್ಲಿನ್ನೂ ಕತ್ತಲೆ. ಅರ್ಜುಮಂದ್ ಸೈಕಲ್ಲಿಗೆ ಬೀಗ ಹಾಕಿ, ಆಸ್ಪತ್ರೆಯ ಪ್ರಯೋಗಾಲಯದ ದೀಪ ಹಾಕಿ, ಮೊದಲ ಟ್ಯೂಬನ್ನು ಬೆಳಕಿಗೆ ಹಿಡಿಯುತ್ತಾರೆ. ಹೆಸರಿನ ಚೀಟಿ ಸರಿಯಿದೆ. ಆದರೂ ಇನ್ನೊಮ್ಮೆ ಓದುತ್ತಾರೆ.

ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವರು ಎಂಜಿನಿಯರ್ ಪತಿಯ ಜೊತೆ ಇಲ್ಲಿಗೆ ಬಂದು, ಸ್ವೀಡಿಷ್ ಕಲಿತು, ಪರೀಕ್ಷೆಗಳನ್ನು ಮತ್ತೆ ಬರೆದರು. ಈಗ ರಜೆಯಲ್ಲಿರುವವರೊಬ್ಬರ ಜಾಗದಲ್ಲಿ ತಾತ್ಕಾಲಿಕ ಕೆಲಸ. ದಿನಕ್ಕೆ ನೂರರ ಆಸುಪಾಸು ಟ್ಯೂಬು.

ಈ ಚಳಿಗಾಲ ಅವರ ಕೈಯಲ್ಲಿರುವುದು ಬೆಂಗಳೂರಿನಿಂದ ಬಂದು ಇದೇ ಆಸ್ಪತ್ರೆಯಲ್ಲಿರುವ ಡಾ. ಊರ್ಮಿಳಾ ನಡೆಸುತ್ತಿರುವ ಅಧ್ಯಯನ. ಅಲರ್ಜಿ ಕೆರಳಿದಾಗ ಒಂದು ಬಗೆಯ ಬಿಳಿ ರಕ್ತಕಣ ಇಸಿಪಿ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದನ್ನು ಅಳೆದು, ಬಿಡದೆ ಕೆಮ್ಮುವ ಮಕ್ಕಳಲ್ಲಿ ಅಲರ್ಜಿ ಯಾರಿಗಿದೆ ಎಂದು ಹೇಳಬಹುದೇ? ಒಂದು ಆರೋಗ್ಯ ಕೇಂದ್ರದಿಂದ ಬಂದ ಒಂಬತ್ತೂ ಮಕ್ಕಳ ರಕ್ತದಲ್ಲಿ ಇಸಿಪಿ ಏರಿದೆ. ಬರುವ ಸೋಮವಾರದಿಂದ ಅವರಿಗೆ ನಿತ್ಯ ಸ್ಟೀರಾಯ್ಡ್ ಇನ್‌ಹೇಲರ್.

"ಒಂಬತ್ತಕ್ಕೆ ಒಂಬತ್ತೂನಾ ಡಾಕ್ಟ್ರೇ? ಒಂದಾದ್ರೂ ಕೆಳಗಿರಬೇಕಿತ್ತು," ಎನ್ನುತ್ತಾರೆ ಅರ್ಜುಮಂದ್.

"ನೀವು ಬಿಡಿ, ಸ್ವೀಡನ್ ಹಾಲಿಗೂ ನೀರು ಹಾಕಿದಾರೆ ಅಂತೀರಿ," ಊರ್ಮಿಳಾ ನಗುತ್ತಾರೆ.

"ಹಾಕಿಲ್ಲ ಅಂತ ಯಾರು ನೋಡಿದಾರೆ?"

ಮೊದಲ ಅನುಮಾನ ಯಂತ್ರದ ಮೇಲೆ, ಆಮೇಲೆ ರಾಸಾಯನಿಕದ ಮೇಲೆ, ಕೊನೆಗೆ ತಮ್ಮ ಕೈಯ ಮೇಲೆ. ಮತ್ತೆ ಅಳೆದರೂ ಅವೇ ಅಂಕಿಗಳು. ತಮಗೆ ರಜೆಯಿರುವ ದಿನ ಅವರು ಬಸ್ಸು ಹತ್ತಿ ಆ ಕೇಂದ್ರಕ್ಕೇ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಾರೆ.

ನರ್ಸ್ ಗುನಿಲ್ಲಾ ರಕ್ತ ತೆಗೆಯುವುದರಲ್ಲಿ ತಪ್ಪಿಲ್ಲ. ಆದರೆ ಫಿಕಾ, ಅಂದರೆ ಕಾಫಿ ವಿರಾಮ, ಬಂದಾಗ ಫ್ಲಾಸ್ಕು, ಕಪ್ಪುಗಳಿಗೆ ಮೇಜು ಬೇಕು. ಟ್ಯೂಬುಗಳು ಬಿದ್ದು ಒಡೆಯದಿರಲಿ ಎಂದು ಗುನಿಲ್ಲಾ ಅವನ್ನು ಜೋಪಾನವಾಗಿ ಕಿಟಕಿ ಕಟ್ಟೆಗೆ ಸರಿಸುತ್ತಾರೆ. ಕಟ್ಟೆಯ ಕೆಳಗೇ ಹೀಟರ್. ಅರ್ಜುಮಂದ್ ಅಂಗೈ ಇಟ್ಟು ನೋಡುತ್ತಾರೆ. ಬಿಸಿ.

"ಸೀರಮ್ ಬೇರೆ ಮಾಡೋವರೆಗೂ ಕಣಗಳಿಗೆ ಜೀವ ಇರುತ್ತೆ. ಬೆಚ್ಚಗಿಟ್ರೆ ಟ್ಯೂಬಿನೊಳಗೇ ಇಸಿಪಿ ಬಿಡ್ತಾನೇ ಇರ್ತವೆ," ಎಂದು ಅರ್ಜುಮಂದ್ ಗುನಿಲ್ಲಾಗೆ ವಿವರಿಸುತ್ತಾರೆ.

ಆದರೆ ಅನುಮಾನ ಪುರಾವೆಯಲ್ಲ. ಅವರು ಅಂಗಿಯ ತೋಳು ಮಡಚಿ ತಮ್ಮದೇ ರಕ್ತ ಎರಡು ಟ್ಯೂಬು ತೆಗೆಸುತ್ತಾರೆ. ಒಂದು ಮೇಜಿನ ಮೇಲೆ, ಒಂದು ಕಿಟಕಿ ಕಟ್ಟೆಯ ಮೇಲೆ, ಎರಡೂ ಅಷ್ಟೇ ಹೊತ್ತು. ಲ್ಯಾಬಿಗೆ ತಂದು ಅಳೆದರೆ ಮೇಜಿನ ರಕ್ತ ಆರೋಗ್ಯವಂತೆಯದು. ಕಟ್ಟೆಯ ರಕ್ತಕ್ಕೆ ಅಲರ್ಜಿ.

"ಧೂಳಿನ ಊರಲ್ಲಿ ಬೆಳೆದವಳು ನಾನು ಡಾಕ್ಟ್ರೇ, ಒಂದು ಸೀನೂ ಬಂದಿಲ್ಲ. ನನ್ನ ರಕ್ತಾನೇ ನನ್ನ ಮೇಲೆ ಸುಳ್ಳು ಹೇಳ್ತು."

ಊರ್ಮಿಳಾ ಈಗ ನಗುವುದಿಲ್ಲ. ಇನ್‌ಹೇಲರ್ ಶುರುಮಾಡುವುದನ್ನು ಮುಂದೂಡುತ್ತಾರೆ. ಮಕ್ಕಳೆಲ್ಲರ ರಕ್ತವನ್ನು ಮತ್ತೆ ತೆಗೆಯುತ್ತಾರೆ. ಈ ಸಲ ಕಾಫಿ ಪಕ್ಕದ ಕೋಣೆಯಲ್ಲಿ. ಗುನಿಲ್ಲಾ ಅರ್ಜುಮಂದ್‌ಗೆ ಒಂದು ಕಪ್ ಬೇಕೇ ಎಂದೂ ಕೇಳುವುದಿಲ್ಲ.

ಎಂಟು ಅಂಕಿಗಳು ಇಳಿಯುತ್ತವೆ. ಒಂದು ಮಾತ್ರ ಇಳಿಯುವುದಿಲ್ಲ. ಅರ್ಜುಮಂದ್ ಅದನ್ನು ಮೂರು ಸಲ ಅಳೆಯುತ್ತಾರೆ.

"ಇದರ ಮೇಲೂ ಅನುಮಾನಾನಾ?" ಊರ್ಮಿಳಾ ಬಾಗಿಲಲ್ಲೇ ನಿಂತು ಕೇಳುತ್ತಾರೆ.

"ಇಲ್ಲ ಡಾಕ್ಟ್ರೇ. ಇದು ನಿಜ. ಈ ಮಗುವಿನ ಮನೆಗೆ ಇವತ್ತೇ ಫೋನ್ ಮಾಡಿ."